ಒಂದು ಇಂಚಿನ ಜಗಳ

ಆ ಮನೆಯವರ ಜಗಳಕ್ಕೆ ಹೊತ್ತುಗೊತ್ತಿಲ್ಲ ಅಂತ ಬೀದಿಯವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಹೊತ್ತು ಖಂಡಿತ ಇತ್ತು. ಮಧ್ಯಾಹ್ನ ಒಂದೂವರೆಗೆ ಅಂಗಡಿಯ ಶಟರು ಅರ್ಧಕ್ಕೆ ಇಳಿಯುತ್ತಿತ್ತು. ಎಲ್ಲರೂ ಪರದೆ ಸರಿಸಿ ಹಿಂದಿನ ಅಡುಗೆಮನೆಗೆ ಬಂದು ತಟ್ಟೆ ಮುಂದೆ ಕೂರುತ್ತಿದ್ದರು. ಮೊದಲ ತುತ್ತು ಗಂಟಲಿಳಿಯುವುದೇ ತಡ, ಶುರು! ಎರಡೂವರೆಗೆ ಶಟರು ಮತ್ತೆ ಮೇಲೆ. ಗಿರಾಕಿಗಳ ಎದುರು ಮಾತ್ರ ಅವರು ದನಿ ಏರಿಸಿದ್ದನ್ನು ಯಾರೂ ಕಂಡಿಲ್ಲ.

ಮುಂದೆ ಹೊಲಿಗೆ ಅಂಗಡಿ, ಹಿಂದೆ ಮನೆ. ಯಜಮಾನರನ್ನು ಇಡೀ ಬೀದಿ ‘ಮಾಸ್ಟರ್’ ಅಂತಲೇ ಕರೆಯುತ್ತಿತ್ತು. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಎರಡೂ ಅವರದೇ. ಮಗ ಮಷೀನಿನ ಮೇಲೆ. ಮಾಸ್ಟರ ಹೆಂಡತಿಗೆ ಕಾಜಾ, ಗುಂಡಿ, ಕೈಹೊಲಿಗೆ. ಮಗಳು ಕಾಲೇಜಿಗೆ ಹೋಗುತ್ತಿದ್ದಳು, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆಯುತ್ತಿದ್ದಳು, ಮನೆಯಲ್ಲಿ ಒಂದು ಲೋಟ ತೊಳೆಯುತ್ತಿರಲಿಲ್ಲ. ಇನ್ನು ಸೊಸೆ. ಎಂಟು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯ ಕಟಿಂಗ್ ವಿಭಾಗದಲ್ಲಿ ದುಡಿದವಳು. ಮದುವೆಯಾದ ಮೇಲೆ ಎರಡು ವರ್ಷ ಮಾವನ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು, ಆ ಕಟಿಂಗ್ ಮೇಜನ್ನೇ ನೋಡುತ್ತಾ ಕಾಲ ಕಳೆದವಳು. ಈ ಕಥೆ ಅವಳದು.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮಾಸ್ಟರ್ ಅಳತೆ ಕೂಗಬೇಕು. ಪುಸ್ತಕ ಹಿಡಿದವರು ಅದನ್ನು ತಿರುಗಿ ಹೇಳಬೇಕು. ಮಾಸ್ಟರ್ ‘ಹೂಂ’ ಅನ್ನಬೇಕು. ಆಮೇಲೇ ಪೆನ್ನು ಕಾಗದ ಮುಟ್ಟಬೇಕು.

“ಎದೆ ನಲವತ್ತೆರಡು.”

“ಎದೆ ನಲವತ್ತೆರಡು.”

“ಹೂಂ.”

ಮಾಸ್ಟರ ಅಪ್ಪನ ಕಾಲದಿಂದಲೂ ಹೀಗೇ. ‘ಹೂಂ’ ಇಲ್ಲದೆ ಬರೆದ ಅಳತೆ ಅಳತೆಯೇ ಅಲ್ಲ ಅಂತ ಅವರು ಹೇಳುತ್ತಿದ್ದರು. ಇನ್ನೊಂದು ಮಾತನ್ನೂ ಹೇಳುತ್ತಿದ್ದರು, ಅದೂ ಕೇಳಿದವರಿಗೆಲ್ಲ: “ಮದುವೆ ದಿನ ನನ್ನ ಸೊಂಟ ಮೂವತ್ತಾರು. ಇವತ್ತಿಗೂ ಮೂವತ್ತಾರೇ!” ಅದನ್ನು ಕೇಳಿದಾಗಲೆಲ್ಲ ಅತ್ತೆ ಸೂಜಿಯಿಂದ ತಲೆ ಎತ್ತದೆ, “ಬೆಲ್ಟಿಗೆ ಮಾತ್ರ ವರ್ಷಕ್ಕೊಂದು ಹೊಸ ತೂತು,” ಅನ್ನುತ್ತಿದ್ದರು.

ಆ ವರ್ಷ ಮಾಸ್ಟರ ಬಲಭುಜ ಹಿಡಿದುಕೊಂಡಿತು. ಬಾಚಣಿಗೆ ತಲೆಯವರೆಗೆ ಹೋಗುತ್ತಿರಲಿಲ್ಲ. ಮೂರು ತಿಂಗಳು ಕತ್ತರಿ ಮುಟ್ಟಬೇಡಿ ಅಂದರು ಡಾಕ್ಟರು. ಮಾಸ್ಟರ್ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಆ ದೊಡ್ಡ ಕತ್ತರಿಯನ್ನು ಸೊಸೆಯ ಮುಂದಿಟ್ಟರು.

“ಮೂರು ತಿಂಗಳಿಗೆ ಮಾತ್ರ. ಗೊತ್ತಾಯ್ತಾ? ಟೇಪು ಮಾತ್ರ ಕೇಳ್ಬೇಡ. ಟೇಪು, ಹಲ್ಲುಜ್ಜೋ ಬ್ರಷ್ಷು, ಇವೆರಡನ್ನ ಯಾರಿಗೂ ಕೊಡಬಾರದು.”

“ನನ್ನ ಹತ್ರ ನನ್ನದೇ ಇದೆ ಮಾವ,” ಅಂದಳು ಸೊಸೆ. ಮಾವನ ಟೇಪು ಅವರಪ್ಪನ ಕೈಯಿಂದ ಬಂದ ಬಟ್ಟೆಯ ಟೇಪು. ಬೆಳಗ್ಗೆ ಕೊರಳಿಗೇರಿದರೆ ಮಲಗುವಾಗಲೇ ಇಳಿಯುವುದು. ಅದರ ಮೇಲೆ ಅವಳಿಗೇನೂ ಆಸೆ ಇರಲಿಲ್ಲ. ಆಸೆ ಇದ್ದದ್ದು ಮೇಜಿನ ಮೇಲೆ. ಫ್ಯಾಕ್ಟರಿಯಲ್ಲಿ ನಲವತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸುತ್ತಿದ್ದಳು, ಒಂದು ಮೈಯನ್ನೂ ಕಂಡಿರಲಿಲ್ಲ. ಇಲ್ಲಿ ಒಂದು ಬಟ್ಟೆ, ಒಂದು ಮೈ. ತಾನು ಕತ್ತರಿಸಿದ್ದನ್ನೇ ತೊಟ್ಟುಕೊಂಡು ಮನುಷ್ಯ ಕಣ್ಣೆದುರೇ ನಡೆದು ಹೋಗುತ್ತಾನೆ. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದರೆ, ಮೊದಲ ದಿನ ಕತ್ತರಿಯ ಹಿಡಿಗೆ ಬೆರಳು ತೂರಿಸಿದಾಗ ಸುಮ್ಮನೆ ನಗು ಬಂತು.

ಆ ನಗು ಹನ್ನೆರಡು ದಿನ ಬಾಳಿತು.

ಎದುರಿನ ಔಷಧಿ ಅಂಗಡಿಯವರು ಹೊಸ ಪ್ಯಾಂಟು ಕೈಯಲ್ಲಿ ಹಿಡಿದುಕೊಂಡು ಬಂದರು. ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರು ಬಿಟ್ಟರೆ ಗುಂಡಿ ಇಲ್ಲ. ಮಾರನೆಯ ವಾರ ಬ್ಯಾಂಕಿನ ಕಾವಲುಗಾರ ತೋಳು ಮುಂದಕ್ಕೆ ಚಾಚಿ ತೋರಿಸಿದ, ಮಣಿಕಟ್ಟು ಹೊರಗೆ. ಅದರ ಬೆನ್ನಿಗೇ ಟೀಚರೊಬ್ಬರ ಜಾಕೀಟು. ಮಾಸ್ಟರ್ ಗಿರಾಕಿಗಳ ಮುಂದೆ ನಗುನಗುತ್ತಾ, “ಸಂಜೆಗೆ ಸರಿ ಮಾಡಿಡ್ತೀವಿ,” ಅಂದರು. ಒಂದೂವರೆಗೆ ಶಟರು ಇಳಿಯಿತು.

“ನಲವತ್ತು ವರ್ಷದಿಂದ ಈ ಅಂಗಡಿಗೆ ಒಬ್ಬ ಬಿಗಿ ಅಂತ ವಾಪಸ್ ಬಂದಿಲ್ಲ. ಇವಳು ಮೇಜಿಗೆ ಬಂದಳು, ಬಿಗಿಯೂ ಬಂತು,” ಅಂದರು ಮಾಸ್ಟರ್, ತುತ್ತು ಕಲಸುತ್ತಾ.

“ನಂಬರ್ ಎರಡು!” ಅಂತ ಕೂಗಿದಳು ಮಗಳು.

ಇದೊಂದು ಹೊಸ ಪೀಡೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಯಾರಿಗೆ ಅಂತ ಕೊಟ್ಟ ಹಾಳೆಯೊಂದನ್ನು ಅವಳು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ‘ವಾದದಲ್ಲಿ ನಾವು ಮಾಡುವ ಹನ್ನೆರಡು ತಪ್ಪುಗಳು.’ ಒಂದು: ಮಾತನ್ನು ಬಿಟ್ಟು ಮನುಷ್ಯನ ಮೇಲೆ ಬೀಳುವುದು. ಎರಡು: ಇದಾದ ಮೇಲೆ ಅದಾಯಿತು, ಆದ್ದರಿಂದ ಇದರಿಂದಲೇ ಅದಾಯಿತು ಅನ್ನುವುದು. ಮೂರು: ಎದುರಿನವರು ಹೇಳದೇ ಇದ್ದದ್ದನ್ನು ಹೇಳಿದರೆಂದು ಮಾಡಿ ಅದಕ್ಕೆ ಉತ್ತರ ಕೊಡುವುದು. ಹೀಗೆ ಹನ್ನೆರಡರವರೆಗೆ. ಯಾರು ಬಾಯಿ ತೆಗೆದರೂ ಇವಳದೊಂದು ನಂಬರು.

ಅತ್ತೆ ಮೊದಲ ದಿನವೇ ಕನ್ನಡಕ ಹಾಕಿಕೊಂಡು ಆ ಹಾಳೆ ಓದಿದ್ದರು. “ಇಷ್ಟಕ್ಕೆ ಕಾಲೇಜಿಗೆ ಬೇರೆ ಹೋಗ್ಬೇಕಾ? ಎರಡನೇದು, ಕಾಗೆ ಕೂತಿದ್ದಕ್ಕೆ ಕೊಂಬೆ ಮುರೀತು ಅನ್ನೋದು. ಏಳನೇದು, ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳ್ಳೋದು. ಇದೆಲ್ಲ ನಿಮ್ಮಜ್ಜಿ ನನಗೆ ಹಿಟ್ಟು ನಾದ್ತಾ ಹೇಳಿಕೊಟ್ಟಿದ್ದು.”

“ಹೇಳಿಕೊಟ್ಟಿದ್ರೆ ಅಪ್ಪ ಯಾಕಮ್ಮ ದಿನಾ ಏಳನೇದು ಮಾಡ್ತಾರೆ?”

“ಗಾದೆ ಇರೋದು ಬೇರೆಯವರಿಗೆ ಹೇಳೋಕೆ ಅಂದ್ಕೊಂಡಿದಾರೆ, ಪಾಪ.”

ಸೊಸೆ ಸುಮ್ಮನೆ ಕೂರುವ ಜಾತಿಯಲ್ಲ. “ಮಾವ, ನೀವು ಕೂಗಿದ ಅಳತೆಯನ್ನೇ ನಾನು ಕತ್ತರಿಸಿದೀನಿ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿ ಇಲ್ಲ.”

“ಹಾಗಾದ್ರೆ ನನಗೆ ಅಳತೆ ತೆಗೆಯೋಕೆ ಬರಲ್ಲ ಅಂತೀಯಾ?”

“ನಂಬರ್ ಮೂರು!”

“ನೀನು ಬಾಯಿ ಮುಚ್ಕೊಂಡು ತಿನ್ನು,” ಅಂದರು ಮಾಸ್ಟರ್. “ಫ್ಯಾಕ್ಟರಿಯವರಿಗೆ ಏನು ಗೊತ್ತು ಮೈ ಅಂದ್ರೆ? ಸಣ್ಣದು, ದೊಡ್ಡದು, ಭಾರಿ ದೊಡ್ಡದು. ಮುಗೀತು ಅವರ ವಿದ್ಯೆ.”

“ಅದು ನಂಬರ್ ಒಂದು!”

ಮಗ ಇಷ್ಟು ಹೊತ್ತು ತಟ್ಟೆಯಲ್ಲೇ ಮುಖ ಹುದುಗಿಸಿದ್ದ. ಅಪ್ಪನ ಪಕ್ಷವೂ ಬೇಡ, ಹೆಂಡತಿಯ ಪಕ್ಷವೂ ಬೇಡ ಅಂತ ಬದುಕುವುದರಲ್ಲಿ ಅವನದು ಪಳಗಿದ ಕೈ. “ಅಪ್ಪನ ಮಾತೂ ಸರಿ, ಇವಳ ಮಾತೂ ಸರಿ. ಒಂದು ಕೆಲಸ ಮಾಡೋಣ. ಇನ್ಮೇಲೆ ಎಲ್ಲದಕ್ಕೂ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸ್ಲಿ.”

ಹಾಗೂ ಮಾಡಿದರು. ಒಬ್ಬ ಪೀಚಲು ಹುಡುಗನ ಷರಟು ಕತ್ತಿನಲ್ಲಿ ಜೋತಾಡಿತು. ದಪ್ಪಗಿದ್ದ ಗುತ್ತಿಗೆದಾರರ ಕೋಟು ಮಾತ್ರ ಮೊದಲಿನ ಹಾಗೇ ಬಿಗಿ. ಅರ್ಧ ಇಂಚಿನ ಉಪಾಯ ಅಲ್ಲಿಗೇ ಬಿತ್ತು. ಇಬ್ಬರ ಮಧ್ಯೆ ನಿಂತ ಮಾತ್ರಕ್ಕೆ ಸತ್ಯವೂ ಮಧ್ಯದಲ್ಲೇ ಬಂದು ನಿಲ್ಲುತ್ತದೆ ಅಂತ ಮಗ ನಂಬಿದ್ದ, ಅಷ್ಟೇ. ಅದು ಪಟ್ಟಿಯಲ್ಲಿ ಹತ್ತನೆಯದು.

ನಾಲ್ಕನೆಯ ವಾರ ಜಗಳಕ್ಕೆ ಪುರಾವೆಗಳು ಬಂದವು. ಪುರಾವೆ ಬಂದರೆ ಜಗಳ ನಿಲ್ಲುತ್ತದೆ ಅಂತ ತಿಳಿದವರು ಆ ಅಡುಗೆಮನೆಗೆ ಬಂದು ನೋಡಬೇಕಿತ್ತು. ಔಷಧಿ ಅಂಗಡಿಯವರಿಗೆ ಎರಡನೆಯ ಪ್ಯಾಂಟು ತಯಾರಾಗಿತ್ತು. ಪುಸ್ತಕದಲ್ಲಿ ಸೊಂಟ ಮೂವತ್ತೊಂಬತ್ತು ಅಂತ ಇತ್ತು. ಮಾಸ್ಟರ್ ಬೆಳಗ್ಗೆ ಕೊರಳಿನ ಟೇಪು ಎಳೆದು ಆ ಪ್ಯಾಂಟನ್ನು ಅಳೆದರು. ಮೂವತ್ತೆಂಟು! “ನೋಡ್ರಪ್ಪಾ, ಒಂದು ಇಂಚು ನುಂಗಿದಾಳೆ!” ಅಂತ ಕೂಗಿದರು. ಮಧ್ಯಾಹ್ನ ಅವರು ಡಾಕ್ಟರ ಹತ್ತಿರ ಹೋಗಿದ್ದಾಗ ಸೊಸೆ ತನ್ನ ಟೇಪಿನಲ್ಲಿ ಅಳೆದಳು. ಸರಿಯಾಗಿ ಮೂವತ್ತೊಂಬತ್ತು. ನೇರ ಬೀದಿ ದಾಟಿ ಹೋಗಿ, ಔಷಧಿ ಅಂಗಡಿಯವರನ್ನು ಗಲ್ಲಾದಿಂದ ಎಬ್ಬಿಸಿ ಅವರ ಸೊಂಟವನ್ನೇ ಅಳೆದಳು. ನಲವತ್ತು.

ಅಂದರೆ ಮಾವ ಮನುಷ್ಯನನ್ನು ಅಳೆದಾಗಲೂ ಒಂದು ಇಂಚು ಕಮ್ಮಿ ಓದಿದ್ದಾರೆ, ಪ್ಯಾಂಟನ್ನು ಅಳೆದಾಗಲೂ ಒಂದು ಇಂಚು ಕಮ್ಮಿ ಓದಿದ್ದಾರೆ. ಇನ್ನೇನು ಬೇಕು? ಅವಳಿಗೆ ಎಲ್ಲ ಗೊತ್ತಾಗಿಹೋಯಿತು.

ಮಾರನೆಯ ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು. “ಮಾವ, ಬೇಜಾರು ಮಾಡ್ಕೋಬೇಡಿ. ನಿಮಗೆ ವಯಸ್ಸಾಯ್ತು. ಕಣ್ಣು ಮಂಜಾಗಿದೆ. ಟೇಪಿನ ಅಂಕಿ ಸರಿಯಾಗಿ ಕಾಣಿಸ್ತಿಲ್ಲ. ತಪ್ಪು ಅಲ್ಲಿದೆ.”

ಮಾಸ್ಟರ್ ಕೈ ತೊಳೆದುಕೊಂಡರು. ಎದ್ದು ಅಂಗಡಿಗೆ ಹೋಗಿ, ಅರ್ಧ ಇಳಿದಿದ್ದ ಶಟರನ್ನು ಎಡಗೈಯಲ್ಲಿ ಎತ್ತಿ ಹೊಸ್ತಿಲ ಮೇಲೆ ನಿಂತರು. ಎದುರಿನ ಔಷಧಿ ಅಂಗಡಿಯ ಬೋರ್ಡಿನ ಮೂಲೆಯಲ್ಲಿ, ಬೋರ್ಡು ಬರೆದವನು ತನ್ನ ಫೋನ್ ನಂಬರನ್ನು ಇರುವೆ ಸಾಲಿನ ಹಾಗೆ ಬರೆದಿದ್ದ. ಮಾಸ್ಟರ್ ಅದನ್ನು ಒಂದೊಂದೇ ಅಂಕಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ ಓದಿದರು. ವಾಪಸ್ ಬಂದು ಅತ್ತೆಯ ಪೆಟ್ಟಿಗೆಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದು, ಕನ್ನಡಕ ಇಲ್ಲದೆ, ಒಂದೇ ಸಲಕ್ಕೆ ದಾರ ಪೋಣಿಸಿ ಸೊಸೆಯ ತಟ್ಟೆಯ ಪಕ್ಕ ಇಟ್ಟರು.

“ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದೀನಮ್ಮಾ. ನೀನೇ ಹದಿನೈದು ದಿನ ಹನಿ ಹಾಕಿದ್ದೆ. ಮರೆತೆಯಾ?”

ಸೊಸೆಗೆ ನಾಚಿಕೆಯಾಯಿತು. ಮಾತಿಗೆ ಮಾತು ಜೋಡಿಸುವ ಭರದಲ್ಲಿ ತಾನೇ ಹಾಕಿದ ಹನಿ ತನಗೇ ನೆನಪಾಗಿರಲಿಲ್ಲ.

“ಅತ್ತಿಗೆ, ಇದೂ ನಂಬರ್ ಒಂದೇ. ವಯಸ್ಸಾಯ್ತು ಅನ್ನೋದು ಇಂಚಿಗೆ ಉತ್ತರ ಅಲ್ಲ,” ಅಂದಳು ನಾದಿನಿ. ಈ ಸಲ ಕೂಗಲಿಲ್ಲ.

“ಇನ್ನು ಎರಡೇ ದಾರಿ,” ಅಂದರು ಮಾಸ್ಟರ್. “ಹೋಟೆಲಿನವರದ್ದು ಹದಿನಾಲ್ಕು ಕೋಟು ಬಂದಿದೆ. ಮೊದಲನೇದು ಮ್ಯಾನೇಜರದ್ದು, ಶನಿವಾರ ಹಾಕಿ ನೋಡ್ತಾರೆ. ಅದು ಬಿಗಿಯಾದ್ರೆ ಇವಳು ಕತ್ತರಿ ಕೆಳಗಿಡ್ಬೇಕು. ಇಲ್ಲಾ, ನಾನೇ ಅಂಗಡಿ ಮೆಟ್ಟಿಲು ಇಳಿದು ಹೋಗ್ತೀನಿ. ಇವತ್ತು ಕಣ್ಣಿಲ್ಲ ಅಂದ್ರು, ನಾಳೆ ಕೈಯಿಲ್ಲ ಅಂತಾರೆ, ನಾಳಿದ್ದು ನನ್ನನ್ನ ಮಡಿಸಿ ಅಟ್ಟದ ಮೇಲೆ ಇಡ್ತಾರೆ!”

ಎರಡೇ ದಾರಿ ಅನ್ನುವುದು ಐದನೆಯದು, ಇವತ್ತು ಕಣ್ಣು ನಾಳೆ ಕೈ ಅನ್ನುವುದು ಒಂಬತ್ತನೆಯದು. ಮಗಳಿಗೆ ಎರಡೂ ನಾಲಿಗೆ ತುದಿಗೆ ಬಂದಿದ್ದವು. ಅಪ್ಪನ ಮುಖ ನೋಡಿ ನುಂಗಿಕೊಂಡಳು.

ಶನಿವಾರ ಹೋಟೆಲಿನ ಮ್ಯಾನೇಜರು ಬಂದರು. ಕೋಟಿನ ನಡುಗುಂಡಿ ಕಾಜಾದವರೆಗೆ ಬಂದು ಅಲ್ಲೇ ನಿಂತಿತು. ಒಂದು ಇಂಚು. ಬಿಡಿ, ಅದಕ್ಕೂ ಕಮ್ಮಿ ಇರಬಹುದು. ಆದರೆ ಗುಂಡಿಗೆ ಲೆಕ್ಕ ಒಂದೇ: ಬರುತ್ತದೆ ಇಲ್ಲಾ ಬರುವುದಿಲ್ಲ. “ಸೋಮವಾರ ಮತ್ತೆ ನೋಡ್ತೀನಿ. ಆಗಲೂ ಹೀಗೇ ಇದ್ರೆ ಉಳಿದ ಬಟ್ಟೆ ವಾಪಸ್ ಕೊಟ್ಟುಬಿಡಿ,” ಅಂದು ಹೋದರು.

ಆ ಸಂಜೆ ಸೊಸೆ ಕತ್ತರಿಯನ್ನು ಒರೆಸಿ, ಎಣ್ಣೆ ಹಚ್ಚಿ, ಮೇಜಿನ ಮೇಲೆ ಇಟ್ಟಳು. ಗಂಡನಿಗೆ ಹೇಳಿದಳು, “ಫ್ಯಾಕ್ಟರಿಯವರು ಯಾವಾಗ ಬೇಕಾದ್ರೂ ಬಾ ಅಂದಿದಾರೆ. ಸೋಮವಾರ ಹೋಗ್ತೀನಿ.”

“ನೋಡೇ, ಅಪ್ಪ ಕೋಪದಲ್ಲಿ...”

“ಕೆಲಸಕ್ಕೆ ನನಗೇನೂ ಬರ ಇಲ್ಲ ರೀ. ನನ್ನ ಕೈ ಸರಿಯಾಗಿದೆ ಅಂತ ನನಗೆ ಗೊತ್ತು. ಅದನ್ನ ಈ ಮನೆಗೆ ತೋರಿಸಿಕೊಡೋಕೆ ಆಗ್ಲಿಲ್ಲವಲ್ಲಾ, ಅದೊಂದೇ ಸಂಕಟ.” ಅಷ್ಟು ಹೇಳಿ ಅತ್ತಳು. ಅವಳು ಅತ್ತದ್ದನ್ನು ಗಂಡ ಅದೇ ಮೊದಲು ನೋಡಿದ್ದು. ಅವನಿಗೆ ಮಧ್ಯದ ಮಾತೊಂದೂ ಹೊಳೆಯಲಿಲ್ಲ.

ಭಾನುವಾರ ಅಂಗಡಿ ಇಲ್ಲ. ಹನ್ನೆರಡೂವರೆಗೇ ಅತ್ತೆ ಎಲ್ಲರನ್ನೂ ಕೂಗಿದರು. ತಟ್ಟೆ ಹಾಕಿತ್ತು, ಅನ್ನದ ಪಾತ್ರೆ ನಡುವೆ ಇತ್ತು, ಮುಚ್ಚಳದ ಮೇಲೆ ಅತ್ತೆಯ ಕೈ ಇತ್ತು.

“ಅಂಗಡೀಲಿ ಒಂದು ಇಂಚಿಗೆ ಎರಡು ಸಲ ಹೇಳ್ತೀರಿ. ಇಲ್ಲಿ ಮನುಷ್ಯರ ಮಾತನ್ನ ಅರ್ಧಕ್ಕೇ ಕತ್ತರಿಸ್ತೀರಿ. ಸಾಕು ನನಗೆ. ಇವತ್ತು ಅಂಗಡಿ ಪದ್ಧತೀನೇ ಇಲ್ಲಿ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ತಿರುಗಿ ಹೇಳ್ಬೇಕು. ಹೇಳಿದವರು ಹೂಂ ಅಂದ ಮೇಲೇ ಉತ್ತರ. ಅಲ್ಲೀವರೆಗೂ ಮುಚ್ಚಳ ತೆಗೆಯಲ್ಲ.”

“ಇದೇನೇ ಇದು, ಮಕ್ಕಳಾಟ!” ಅಂದರು ಮಾಸ್ಟರ್.

“ಹಸಿವಾಗಿದ್ರೆ ಆಡಿ.”

ಮಾಸ್ಟರ್ ಗೊಣಗುತ್ತಲೇ ಶುರು ಮಾಡಿದರು. “ಅವಳು ಹೇಳೋದೇನು? ನಾನು ಮುದುಕ, ಕೈಲಾಗದೋನು ಅಂತ.”

“ಇಲ್ಲ,” ಅಂದಳು ಸೊಸೆ. “ಹೂಂ ಅನ್ನಲ್ಲ.”

“ಅಂಗಡಿ ತನ್ನದಾಗಬೇಕು ಅಂತ.”

“ಅದೂ ಅಲ್ಲ.”

ಪಾತ್ರೆಯಿಂದ ಹಬೆಯ ವಾಸನೆ ಬರುತ್ತಿತ್ತು. ಮಾಸ್ಟರ್ ಅದರ ಕಡೆ ಒಮ್ಮೆ ನೋಡಿದರು. ನಿಧಾನವಾಗಿ, ಪುಸ್ತಕ ಓದಿದ ಹಾಗೆ ಹೇಳಿದರು. “ನಾನು ಕೂಗಿದ್ದನ್ನೇ ಇವಳು ಬರೆದಿದಾಳೆ. ಬರೆದದ್ದನ್ನೇ ಕತ್ತರಿಸಿದಾಳೆ. ಒಂದು ಗೆರೆ ಹೆಚ್ಚಿಲ್ಲ, ಕಮ್ಮಿ ಇಲ್ಲ.”

“ಹೂಂ,” ಅಂದಳು ಸೊಸೆ. ಇಷ್ಟು ದಿನಗಳಲ್ಲಿ ತನ್ನ ಮಾತು ಮಾವನ ಬಾಯಿಂದ ಪೂರ್ತಿಯಾಗಿ ಹೊರಗೆ ಬಂದದ್ದು ಇದೇ ಮೊದಲು. ಅರ್ಧ ಸಿಟ್ಟು ಅಲ್ಲೇ ಇಳಿಯಿತು.

“ಈಗ ನೀನು,” ಅಂದರು ಅತ್ತೆ.

“ನನ್ನ ಕೈ ಸರಿಯಿಲ್ಲ ಅಂತಾರೆ.”

“ಕೈ ಅಂದೆನಾ ನಾನು?” ಮಾಸ್ಟರ್ ತಟ್ಟೆ ಸರಿಸಿದರು. “ನಿನ್ನ ಕೈ ನೋಡಿಯೇ ಕತ್ತರಿ ಕೊಟ್ಟಿದ್ದು. ನಾನು ಹೇಳಿದ್ದು ಇಷ್ಟು. ನಲವತ್ತು ವರ್ಷ ಬಿಗಿ ಅಂತ ಒಬ್ಬರೂ ಬಂದಿಲ್ಲ. ನೀನು ಮೇಜಿಗೆ ಬಂದ ಮೇಲೆ ಬಂದೋರೆಲ್ಲ ಬಿಗಿ ಅಂತಲೇ ಬರ್ತಿದಾರೆ.”

“ನಲವತ್ತು ವರ್ಷ ಬಿಗಿ ಅಂತ ಒಬ್ಬರೂ ಬಂದಿಲ್ಲ. ನಾನು ಮೇಜಿಗೆ ಬಂದ ಮೇಲೆ ಬಂದೋರೆಲ್ಲ ಬಿಗಿ ಅಂತಲೇ...” ಸೊಸೆ ಅಲ್ಲೇ ನಿಲ್ಲಿಸಿದಳು. ಇಷ್ಟು ದಿನ ಆ ಮಾತಿನಲ್ಲಿ ಅವಳಿಗೆ ಕೇಳಿಸಿದ್ದು ‘ನಾನು ಬಂದ ಮೇಲೆ’ ಅನ್ನುವ ಚುಚ್ಚು ಮಾತ್ರ. “ಎಲ್ಲರೂ ಬಿಗಿ ಅಂತಲೇನಾ ಮಾವ? ಅರ್ಧ ಇಂಚು ಬಿಟ್ಟ ಆ ಒಂದು ಷರಟು ಬಿಟ್ರೆ, ಸಡಿಲ ಅಂತ ಒಬ್ಬರೂ ಇಲ್ವಾ?”

“ಒಬ್ಬರೂ ಇಲ್ಲ. ಅದನ್ನೇ ಬಡ್ಕೋತಿರೋದು ನಾನು.”

“ಕೈ ತಪ್ಪಿದ್ರೆ ಒಂದು ಸಲ ಬಿಗಿ ಆಗುತ್ತೆ, ಒಂದು ಸಲ ಸಡಿಲ ಆಗುತ್ತೆ. ಕಣ್ಣು ತಪ್ಪಿದ್ರೂ ಅಷ್ಟೇ. ಇದು ಹಾಗಲ್ಲ. ಪ್ರತಿ ಸಲ ಒಂದೇ ಕಡೆಗೆ ತಪ್ತಿದೆ.” ಅವಳು ಎದ್ದು ನಿಂತಳು. “ನೀವು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ ಆಗ್ಬೇಕಾದ್ರೆ... ನಾನು ಮೇಜಿಗೆ ಬಂದಾಗ ನನ್ನ ಜೊತೆ ಇನ್ನೇನು ಬಂತು?”

“ನಿನ್ನ ಬಾಯಿ,” ಅಂದ ಗಂಡ.

ಸೊಸೆ ಅವನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಪರದೆ ಸರಿಸಿ ಅಂಗಡಿಗೆ ಹೋದಳು. ಎಲ್ಲರೂ ಹಿಂದೆ ಹೋದರು, ಅತ್ತೆ ಕೂಡ. ಕಟಿಂಗ್ ಮೇಜಿನ ಮೇಲೆ ಅವಳು ತನ್ನ ಟೇಪನ್ನು ಉದ್ದಕ್ಕೆ ಹಾಸಿದಳು.

“ಮಾವ, ನಿಮ್ಮ ಟೇಪು.”

ಮಾಸ್ಟರ ಕೈ ಕೊರಳಿಗೆ ಹೋಯಿತು. “ಟೇಪು ಯಾರಿಗೂ...”

“ನನಗೆ ಕೊಡ್ಬೇಡಿ. ನೀವೇ ಪಕ್ಕದಲ್ಲಿ ಹಾಸಿ.”

ಹಾಸಿದರು. ಎರಡರ ತುದಿಯನ್ನೂ ಒಂದೇ ಗೆರೆಗೆ ಹಿಡಿದರು. ಹತ್ತರಲ್ಲಿ ಹೆಚ್ಚೇನೂ ಕಾಣಲಿಲ್ಲ. ಇಪ್ಪತ್ತರಲ್ಲಿ ಹಳೆಯದರ ಗೆರೆ ಅರ್ಧ ಇಂಚು ಆಚೆಗಿತ್ತು. ನಲವತ್ತರಲ್ಲಿ ಒಂದು ಇಂಚು. ಅರವತ್ತರಲ್ಲಿ ಮಾವನ ಟೇಪಿನ ತುದಿ ಸೊಸೆಯದಕ್ಕಿಂತ ಒಂದೂವರೆ ಇಂಚು ಮುಂದೆ ಹೋಗಿ ಮಲಗಿತ್ತು.

“ನಿಮ್ಮದೇ ಕುಗ್ಗಿರಬಹುದಲ್ಲ ಅತ್ತಿಗೆ?” ಅಂದಳು ನಾದಿನಿ. ಒಳ್ಳೆಯ ಪ್ರಶ್ನೆ, ಈ ಸಲ ನಂಬರಿಲ್ಲದ್ದು. ಗೆರೆ ಎಳೆಯುವ ಕಬ್ಬಿಣದ ಅಡಿಕೋಲನ್ನು ತಂದು, ಐದು ಸಲ ಇಟ್ಟು ಅಳೆದರು. ಸೊಸೆಯ ಟೇಪು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಎಲ್ಲಕ್ಕಿಂತ ಮೊದಲು ಬಾಯಿ ಬಿಟ್ಟವರು ಅತ್ತೆ. “ಅಯ್ಯೋ ನಮ್ಮ ಕರ್ಮವೇ! ಕೈ ಅಂದ್ರು, ಕಣ್ಣು ಅಂದ್ರು, ಇಸ್ತ್ರಿ ಪೆಟ್ಟಿಗೆ ಬಿಸಿ ಅಂದ್ರು, ಬಟ್ಟೆ ಅಂಗಡಿಯವನನ್ನ ಬೈದ್ರು. ದರ್ಜಿಗಳ ಮನೇಲಿ ಟೇಪಿನ ಮೇಲೆ ಒಬ್ಬರಿಗೂ ಅನುಮಾನ ಬರಲಿಲ್ಲವಲ್ಲ!”

“ಆದ್ರೆ ನಲವತ್ತು ವರ್ಷ ಇದರಲ್ಲೇ...” ಮಾಸ್ಟರ್ ಮೇಜಿನ ಅಂಚು ಹಿಡಿದುಕೊಂಡರು.

“ನಲವತ್ತು ವರ್ಷ ಸರಿಯಾಗೇ ಬಂತು ಮಾವ,” ಅಂದಳು ಸೊಸೆ. “ಮೈ ಅಳೆದಿದ್ದೂ ಇದೇ, ಬಟ್ಟೆ ಅಳೆದಿದ್ದೂ ಇದೇ. ಇದು ಹಿಗ್ಗಿದ್ರೂ ಎರಡು ಕಡೆಗೂ ಒಂದೇ ಸಮ ಹಿಗ್ಗಿದೆ. ನೀವು ಇದರಲ್ಲಿ ಮೈ ಅಳೆದು ಬರೆಸಿದ್ರಿ, ನಾನು ನನ್ನದರಲ್ಲಿ ಬಟ್ಟೆ ಗುರುತು ಹಾಕಿದೆ. ಅಲ್ಲಿ ಕಳೆದುಹೋಯ್ತು ಆ ಒಂದು ಇಂಚು.” ಮುಂದಿನ ಮಾತನ್ನು ಅವಳು ಹೇಳಲೇಬೇಕಾಗಿರಲಿಲ್ಲ, ಹೇಳಿದಳು. “ನೀವು ಹೇಳಿದ್ದು ಸರಿ. ನಾನು ಬಂದಿದ್ದಕ್ಕೇ ಬಿಗಿ ಆಗಿದ್ದು.”

“ಅದು ಹೇಗೆ? ಅಪ್ಪ ಹೇಳಿದ್ದು ನಂಬರ್ ಎರಡು!” ನಾದಿನಿಗೆ ಅಳುವೇ ಬರುವಂತಾಯಿತು. “ಅದು ತಪ್ಪು ವಾದ!”

“ವಾದ ತಪ್ಪೇ. ಆಗಿದ್ದೇನು ಅಂತ ನೋಡದೆ ನನ್ನ ಮೇಲೆ ಹೊರಿಸಿದ್ದು ತಪ್ಪೇ. ಆದ್ರೆ ನಿಜ ಅಲ್ಲೇ ಪಕ್ಕದಲ್ಲಿ ಕೂತಿತ್ತು.”

“ದಾರಿ ತಪ್ಪಿದೋನೂ ಒಂದೊಂದು ಸಲ ಸರಿಯಾದ ಮನೆ ಬಾಗಿಲನ್ನೇ ತಟ್ಟಿಬಿಡ್ತಾನೆ ಮಗಳೇ,” ಅಂದರು ಅತ್ತೆ. “ಬಾಗಿಲು ತೆಗೆದು ನೋಡ್ಬೇಕು. ನಂಬರು ಕೂಗಿ ಓಡಿಸಬಾರದು. ಬನ್ನಿ, ಅನ್ನ ಆರಿಹೋಯ್ತು.”

ಅನ್ನ ಆರಿತ್ತು. ಆದರೂ ಆ ದಿನ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಕೊನೆ ತುತ್ತಿಗೆ ಮೊದಲು ಮಾಸ್ಟರ್ ತಲೆ ಎತ್ತಿದರು.

“ಟೇಪು ಬಿಸಾಕೋದಾ ಹಾಗಾದ್ರೆ?”

“ಬಿಸಾಕಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ,” ಅಂದಳು ಸೊಸೆ. “ಅಳತೆ ಪುಸ್ತಕದಲ್ಲಿ ಇಷ್ಟು ವರ್ಷದ ಗಿರಾಕಿಗಳೆಲ್ಲ ಇದೇ ಟೇಪಿನ ಲೆಕ್ಕದಲ್ಲಿ ಇದಾರೆ. ಹಳೇ ಗಿರಾಕಿಗೆ ಹಳೇ ಟೇಪು. ಹೊಸಬರಿಗೆ ಹೊಸದು. ಹೋಟೆಲಿನ ಹದಿನಾಲ್ಕು ಜನರನ್ನ ನೀವು ಅಳೆದಿದ್ದು ಇದರಲ್ಲೇ. ಕತ್ತರಿಸೋದೂ ಇದರಲ್ಲೇ ಆಗ್ಬೇಕು.”

ಮಾಸ್ಟರ್ ಕೈ ತೊಳೆದು ಬಂದರು. ಕೊರಳಿನಿಂದ ಟೇಪು ತೆಗೆದು, ಎಂದಿನಂತೆ ನಾಲ್ಕು ಬೆರಳಿಗೆ ಸುತ್ತಿ, ಸೊಸೆಯ ಕೈಗಿಟ್ಟರು. “ಹುಷಾರು. ಎಳೀಬೇಡ. ಆಗಲೇ ಎಷ್ಟು ಬೇಕೋ ಅಷ್ಟು ಎಳೆದಿದೆ.”

ಆ ಮಧ್ಯಾಹ್ನವೇ ಸೊಸೆ ಮ್ಯಾನೇಜರ ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತಂದಳು. ಗಂಡ ಹೊಲಿದ. ಅತ್ತೆ ಗುಂಡಿ ಬದಲಿಸಿದರು. ನಾದಿನಿ ತಾನಾಗೇ ಎದ್ದು ಪಾತ್ರೆ ತೊಳೆದಳು. ಆಮೇಲೆ ಫ್ರಿಜ್ಜಿನ ಹಾಳೆಯ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದಳು: ‘ಹದಿಮೂರು: ನಂಬರ್ ಕೂಗಿದ ತಕ್ಷಣ ಗೆದ್ದೆ ಅಂದುಕೊಳ್ಳುವುದು.’

ಸೋಮವಾರ ಮ್ಯಾನೇಜರು ಕೋಟು ತೊಟ್ಟರು. ಗುಂಡಿ ಹಾಕಿದರು. ಕೈ ಎತ್ತಿದರು, ಬಗ್ಗಿದರು, ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿದರು. “ಇದು ಕೋಟು ಅಂದ್ರೆ. ಯಾರು ಕತ್ತರಿಸಿದ್ದು?”

“ಸೊಸೆ,” ಅಂದರು ಮಾಸ್ಟರ್. “ಕತ್ತರಿ ಅವಳದ್ದೇ ಇನ್ಮೇಲೆ. ಅಳತೆ ನಂದು.”

ಅದನ್ನು ಅವರು ಮೊದಲು ಹೇಳಿದ್ದು ಗಿರಾಕಿಗೆ. ಸೊಸೆಗೆ ಬೇರೆಯಾಗಿ ಹೇಳಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ. ಫ್ಯಾಕ್ಟರಿಗೆ ಫೋನು ಮಾಡಿ ಬರುವುದಿಲ್ಲ ಅಂದಳು.

ಉಳಿದ ಹದಿಮೂರು ಕೋಟುಗಳು ಹೋದ ದಿನ ಡಾಕ್ಟರು ಹೇಳಿದ ಮೂರು ತಿಂಗಳೂ ಮುಗಿಯಿತು. ಭುಜ ಸುಮಾರಾಗಿತ್ತು. ಮಾಸ್ಟರ್ ಕಟಿಂಗ್ ಮೇಜಿನ ಪಕ್ಕ ಬಂದು ನಿಂತರು. ಸೊಸೆಯ ಕೈ ತನಗೇ ಗೊತ್ತಿಲ್ಲದೆ ಕತ್ತರಿಯ ಮೇಲೆ ಹೋಯಿತು.

“ಅಯ್ಯೋ, ಇಟ್ಕೋಮ್ಮಾ. ನಾನು ಗಿರಾಕಿಯಾಗಿ ಬಂದಿದೀನಿ,” ಅಂದರು ಅವರು. “ನನಗೊಂದು ಪ್ಯಾಂಟು ಆಗ್ಬೇಕು. ಹೊಸ ಟೇಪಿನಲ್ಲೇ ಅಳೆ, ನೋಡೇಬಿಡೋಣ. ನಾನು ಬರ್ಕೋತೀನಿ.”

ಪುಸ್ತಕ ತೆರೆದು ಪೆನ್ನು ಹಿಡಿದರು. ಸೊಸೆ ಟೇಪನ್ನು ಅವರ ಸೊಂಟಕ್ಕೆ ಸುತ್ತಿ, ಎರಡು ಬೆರಳು ಒಳಗಿಟ್ಟು, ಅಂಕಿ ನೋಡಿದಳು. ಅತ್ತೆಯ ಸೂಜಿ ನಿಂತಿತು. ಮಷೀನು ನಿಂತಿತು.

“ಸೊಂಟ ಮೂವತ್ತೇಳು.”

ಮಾಸ್ಟರ್ ಬಾಗಿಲ ಕಡೆ ನೋಡಿದರು. “ಸೊಂಟ ಮೂವತ್ತಾರು.”

“ಹೂಂ ಇಲ್ಲ ಮಾವ. ಇನ್ನೊಂದು ಸಲ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾಸ್ಟರ್ ಹೊಟ್ಟೆ ಒಳಗೆಳೆದುಕೊಂಡರು, ಟೇಪು ಸಡಿಲವಾಯಿತು. ಸೊಸೆ ಕದಲಲಿಲ್ಲ, ಕಾದಳು. ಉಸಿರು ಎಷ್ಟು ಹೊತ್ತು ಹಿಡಿದಾರು? ಹೊಟ್ಟೆ ಮತ್ತೆ ತನ್ನ ಜಾಗಕ್ಕೆ ಬಂತು.

“ಸೊಂಟ ಮೂವತ್ತೇಳು,” ಅಂದರು ಮಾಸ್ಟರ್.

“ಹೂಂ,” ಅಂದಳು ಸೊಸೆ. ಮಾಸ್ಟರ್ ಬರೆದುಕೊಂಡರು.